ಗಿಡದಲ್ಲಿ ಕ್ಯಾಲ್ಸಿಯಂ ಇದ್ದೂ ಕಾಯಿಗೆ ಏಕಿಲ್ಲ?

ಪ್ರಶ್ನೆ: ನಮ್ಮ ಟೊಮೆಟೊ ಕಾಯಿಗಳು ನಿಂಬೆಹಣ್ಣಿನ ಗಾತ್ರಕ್ಕೆ ಬರುವಷ್ಟರಲ್ಲಿ ತುದಿಯಲ್ಲಿ ಕಪ್ಪಾಗಿ, ತಟ್ಟೆಯಂತೆ ಚಪ್ಪಟೆಯಾಗಿ ಕೊಳೆಯುತ್ತಿವೆ. ಕ್ಯಾಲ್ಸಿಯಂ ಕೊರತೆ ಎಂದು ಹೇಳಿದರು. ಮಣ್ಣು ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ, ಎಲೆ ಪರೀಕ್ಷೆಯಲ್ಲೂ ಕೊರತೆ ಕಾಣಲಿಲ್ಲ. ಆದರೂ ಜಿಪ್ಸಂ ಹಾಕಿದೆವು, ಎಲೆಗೆ ಕ್ಯಾಲ್ಸಿಯಂ ಸಿಂಪಡಿಸಿದೆವು, ಗುಣವಾಗಲಿಲ್ಲ. ಗಿಡದಲ್ಲಿರುವ ಕ್ಯಾಲ್ಸಿಯಂ ಕಾಯಿಗೆ ಏಕೆ ಹೋಗುತ್ತಿಲ್ಲ? ಸಸ್ಯದ ಜೀವಕೋಶ ತನ್ನೊಳಗಿನ ಕ್ಯಾಲ್ಸಿಯಂ ಅನ್ನು ಹೇಗೆ ಹತೋಟಿಯಲ್ಲಿಡುತ್ತದೆ ಎಂಬುದನ್ನೂ ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಎರಡು ಪರೀಕ್ಷಾ ವರದಿಗಳೂ ಸರಿ, ಕ್ಯಾಲ್ಸಿಯಂ ಕೊರತೆ ಎಂದವರ ಮಾತೂ ಸರಿ. ಪ್ರಯೋಗಾಲಯದವರು ಎಲೆಯನ್ನು ಒಣಗಿಸಿ, ಆಮ್ಲದಲ್ಲಿ ಕರಗಿಸಿ ಒಟ್ಟು ಕ್ಯಾಲ್ಸಿಯಂ ಎಷ್ಟಿದೆ ಎಂದು ಅಳೆಯುತ್ತಾರೆ. ಆ ಕ್ಯಾಲ್ಸಿಯಂ ಕೋಶದ ಗೋಡೆಯಲ್ಲಿತ್ತೋ, ರಸದಾನಿ ಎಂಬ ಕೋಶದೊಳಗಿನ ರಸದ ಚೀಲದಲ್ಲಿತ್ತೋ, ಹರಳಾಗಿ ಕೂತಿತ್ತೋ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ನಿಮ್ಮ ತೊಂದರೆ ಇರುವುದೇ ಅಲ್ಲಿ. ಸಸ್ಯಕೋಶ ಕ್ಯಾಲ್ಸಿಯಂ ಅನ್ನು ತನ್ನ ಒಳಾಂಗಣದಿಂದ ಸದಾ ಹೊರಗೆ ತಳ್ಳುತ್ತಿರುತ್ತದೆ. ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೋಗುವುದಕ್ಕೆ ಮೂಲ ಈ ಸ್ವಭಾವವೇ. ಆದ್ದರಿಂದ ಮೊದಲು ಕೋಶವನ್ನು ನೋಡಿ ಆಮೇಲೆ ತೋಟಕ್ಕೆ ಬರೋಣ.

ಕೋಶದ್ರವ್ಯದಲ್ಲಿ, ಅಂದರೆ ಕೋಶಪೊರೆಯ ಒಳಗೆ ರಸದಾನಿಯ ಹೊರಗೆ ಇರುವ ದ್ರವದಲ್ಲಿ, ಬಿಡಿ ಕ್ಯಾಲ್ಸಿಯಂ ಅಯಾನುಗಳ (ವಿದ್ಯುದಂಶವುಳ್ಳ ಕಣಗಳ) ಸಾಂದ್ರತೆ ಸುಮಾರು 100 ನ್ಯಾನೋಮೋಲಾರ್. (ಮೋಲಾರ್ ಎಂಬುದು ಸಾಂದ್ರತೆಯ ಅಳತೆ; ಸಾವಿರ ನ್ಯಾನೋ ಸೇರಿದರೆ ಒಂದು ಮೈಕ್ರೋ, ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ.) ಪೊರೆಯ ಹೊರಗೆ, ಕೋಶಭಿತ್ತಿಯ ಸಂದುಗಳಲ್ಲಿರುವ ನೀರಿನಲ್ಲಿ ಅದು ಸಾಮಾನ್ಯವಾಗಿ 1 ಮಿಲಿಮೋಲಾರ್ ಆಸುಪಾಸು. ಅಂದರೆ ಒಳಗಿಗಿಂತ ಹೊರಗೆ ಹತ್ತು ಸಾವಿರ ಪಟ್ಟು ಹೆಚ್ಚು. ಒಳಗೇ ಇರುವ ರಸದಾನಿಯಲ್ಲಿ ಬಿಡಿ ಕ್ಯಾಲ್ಸಿಯಂ ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ. ಅಲ್ಲಿ ಸಾವಯವ ಆಮ್ಲಗಳಿಗೆ ಅಂಟಿಕೊಂಡದ್ದನ್ನೂ ಸೇರಿಸಿದರೆ ಕೆಲವು ಕೋಶಗಳಲ್ಲಿ ಒಟ್ಟು 60 ಮಿಲಿಮೋಲಾರ್ ದಾಟುತ್ತದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲ ಇವೆರಡರ ನಡುವಿನದು, ಅಲ್ಲಿ ನೂರಾರು ಮೈಕ್ರೋಮೋಲಾರ್. ಲೆಕ್ಕ ಹಾಕಿ ನೋಡಿ: ಪ್ರತಿ ಬದಿ 10 ಮೈಕ್ರೋಮೀಟರ್ ಇರುವ ಘನದಷ್ಟು ಕೋಶದ್ರವ್ಯದಲ್ಲಿ ಬಿಡಿ ಕ್ಯಾಲ್ಸಿಯಂ ಅಯಾನುಗಳು ಹೆಚ್ಚುಕಡಿಮೆ 60,000. ಹೊರಗಿನ ಅಷ್ಟೇ ನೀರಿನಲ್ಲಿ 60 ಕೋಟಿ.

ಇಷ್ಟೊಂದು ಜಿಪುಣತನ ಏಕೆ? ಮುಖ್ಯ ಕಾರಣ ರಂಜಕ. ಕೋಶದ ಶಕ್ತಿಯ ವಹಿವಾಟೆಲ್ಲ ನಡೆಯುವುದು ಎಟಿಪಿ ಎಂಬ ಶಕ್ತಿ ಹೊರುವ ಅಣು ಮತ್ತು ರಂಜಕದ ರೂಪವಾದ ಫಾಸ್ಫೇಟ್ ಮೂಲಕ. ಕೋಶದ್ರವ್ಯದಲ್ಲಿ ಫಾಸ್ಫೇಟ್ ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ. ಕ್ಯಾಲ್ಸಿಯಂ ಕೂಡ ಅಷ್ಟೇ ಇದ್ದರೆ ಎರಡೂ ಸೇರಿ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕಿಳಿಯುತ್ತವೆ. ಡ್ರಿಪ್ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಎಂಎಪಿ (ಮೋನೋ ಅಮೋನಿಯಂ ಫಾಸ್ಫೇಟ್) ಗೊಬ್ಬರ ಬೆರೆಸಿದರೆ ಬಿಳಿ ಕೆಸರು ಕಟ್ಟುತ್ತದಲ್ಲ, ಅದೇ ರಸಾಯನಶಾಸ್ತ್ರ. ಜೊತೆಗೆ ಪ್ರೋಟೀನುಗಳ ಮೇಲೆ ಮೆಗ್ನೀಸಿಯಂ ಕೂರಬೇಕಾದ ಜಾಗದಲ್ಲಿ ಕ್ಯಾಲ್ಸಿಯಂ ಕೂತು ಕೆಲಸ ಕೆಡಿಸುತ್ತದೆ. ಹೀಗಾಗಿ ಪ್ರಾಣಿ, ಸಸ್ಯ, ಶಿಲೀಂಧ್ರ ಯಾವುದೇ ಇರಲಿ, ಜೀವಕೋಶಗಳೆಲ್ಲ ಕ್ಯಾಲ್ಸಿಯಂ ಅನ್ನು ಕೋಶದ್ರವ್ಯದಿಂದ ದೂರವಿಡುವುದನ್ನು ಬಹು ಹಿಂದೆಯೇ ಕಲಿತಿವೆ.

ಸಾಂದ್ರತೆಯ ಇಳಿಜಾರು ಮಾತ್ರವಲ್ಲ, ವಿದ್ಯುತ್ ಸೆಳೆತವೂ ಕ್ಯಾಲ್ಸಿಯಂ ಅನ್ನು ಒಳಗೇ ಎಳೆಯುತ್ತದೆ. ಸಸ್ಯದ ಕೋಶಪೊರೆಯ ಒಳಮೈ ಹೊರಮೈಗಿಂತ 120ರಿಂದ 200 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುದಂಶ. 120 ಮಿಲಿವೋಲ್ಟ್ ಎಂದು ಹಿಡಿದರೂ ಅದೊಂದೇ ಇನ್ನೂ ಹತ್ತು ಸಾವಿರ ಪಟ್ಟಿನ ಸಾಂದ್ರತೆಯ ವ್ಯತ್ಯಾಸಕ್ಕೆ ಸಮ. ಆದ್ದರಿಂದ ಕ್ಯಾಲ್ಸಿಯಂ ಒಳಬರಲು ಕೋಶ ಏನೂ ಖರ್ಚು ಮಾಡಬೇಕಿಲ್ಲ, ಬಾಗಿಲು ತೆರೆದರೆ ಸಾಕು. ಖರ್ಚೆಲ್ಲ ಹೊರಹಾಕುವುದಕ್ಕೆ.

ಈ ಬಾಗಿಲುಗಳೇ ಚಾನೆಲ್ ಪ್ರೋಟೀನುಗಳು. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಸಿಎನ್‌ಜಿಸಿ ಗುಂಪಿನವು 20, ಪ್ರಾಣಿಗಳ ನರಕೋಶದ ಗ್ಲುಟಮೇಟ್ ಗ್ರಾಹಕಗಳನ್ನು ಹೋಲುವ ಜಿಎಲ್‌ಆರ್ ಗುಂಪಿನವು 20, ನೀರಿನ ಕೊರತೆಯಿಂದ ಪೊರೆ ಬಿಗಿದಾಗ ತೆರೆಯುವ ಒಸ್ಕಾ ಗುಂಪಿನವು 15 ಇವೆ. ಎಲ್ಲವೂ ಎಲ್ಲ ಕೋಶದಲ್ಲೂ ಇರುವುದಿಲ್ಲ. ಬೇರಿನ ರೋಮ, ಪರಾಗನಾಳ, ಎಲೆಯ ಉಸಿರುರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶ, ಹೀಗೆ ಒಂದೊಂದಕ್ಕೂ ತನ್ನದೇ ಜೋಡಣೆ. ಒಂದು ಚಾನೆಲ್ ತೆರೆದಾಗ ಅದರ ಬಾಯಿಯ ಬಳಿ ಕ್ಷಣಮಾತ್ರ ಹತ್ತಾರು ಮೈಕ್ರೋಮೋಲಾರ್ ಕ್ಯಾಲ್ಸಿಯಂ ಸೇರುತ್ತದೆ. ಆದರೆ ಅದು ದೂರ ಹರಡುವುದಿಲ್ಲ. ಒಳಬಂದ ನೂರರಲ್ಲಿ 99ಕ್ಕೂ ಹೆಚ್ಚು ಅಯಾನುಗಳನ್ನು ಸುತ್ತಲಿನ ಪ್ರೋಟೀನುಗಳು ಹಿಡಿದುಕೊಂಡುಬಿಡುತ್ತವೆ.

ಹೊರಹಾಕುವ ಯಂತ್ರಗಳು ಎರಡು ಬಗೆಯವು. ಮೊದಲನೆಯದು ಎಟಿಪಿ ಸುಟ್ಟು ನಡೆಯುವ ಪಂಪು. ಇದರಲ್ಲಿ ಎಸಿಎ ಗುಂಪಿನವು ಅರಬಿಡಾಪ್ಸಿಸ್‌ನಲ್ಲಿ 10, ಇಸಿಎ ಗುಂಪಿನವು 4. ಎಸಿಎ 8, 9, 10 ಕೋಶಪೊರೆಯಲ್ಲಿ ಕೂತು ಹೊರಕ್ಕೆ ತಳ್ಳುತ್ತವೆ, 4 ಮತ್ತು 11 ರಸದಾನಿಯ ಪೊರೆಯಲ್ಲಿ ಕೂತು ಅದರೊಳಕ್ಕೆ, 2 ಒಳಜಾಲದೊಳಕ್ಕೆ. ಈ ಪಂಪುಗಳಿಗೆ ಹಿಡಿತ ಜಾಸ್ತಿ, ವೇಗ ಕಡಿಮೆ. 1 ಮೈಕ್ರೋಮೋಲಾರ್‌ಗಿಂತ ಕೆಳಗಿನ ಸಾಂದ್ರತೆಯಲ್ಲೂ ಕ್ಯಾಲ್ಸಿಯಂ ಅನ್ನು ಹುಡುಕಿ ಹಿಡಿದು ಸಾಗಿಸಬಲ್ಲವು. ಎರಡನೆಯದು ಕ್ಯಾಕ್ಸ್ ಎಂಬ ವಿನಿಮಯ ಯಂತ್ರ. ರಸದಾನಿಯ ರಸ ಹುಳಿ, ಪಿಎಚ್ ಸಾಮಾನ್ಯವಾಗಿ 5ರಿಂದ 5.5, ಹೊರಗಿನ ಕೋಶದ್ರವ್ಯ 7ಕ್ಕಿಂತ ಸ್ವಲ್ಪ ಮೇಲೆ. ರಸದಾನಿಯಿಂದ ಹೊರಕ್ಕೆ ನುಗ್ಗುವ ಪ್ರೋಟಾನುಗಳ (ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳ) ಬಲದಲ್ಲಿ ಕ್ಯಾಕ್ಸ್ ಕ್ಯಾಲ್ಸಿಯಂ ಅನ್ನು ಒಳಕ್ಕೆ ಎಳೆದುಹಾಕುತ್ತದೆ. ಇದರ ಹಿಡಿತ ಸಡಿಲ, ಕೆಲಸ ಮಾತ್ರ ದೊಡ್ಡದು. ಕೋಶದ್ರವ್ಯದಲ್ಲಿ ಕ್ಯಾಲ್ಸಿಯಂ ಏರಿದಾಗ ರಾಶಿರಾಶಿಯಾಗಿ ಬಾಚಿ ಒಳಹಾಕುವುದು ಕ್ಯಾಕ್ಸ್, ಉಳಿದ ಚೂರುಪಾರನ್ನು ಗುಡಿಸಿ 100 ನ್ಯಾನೋಮೋಲಾರ್‌ಗೆ ಇಳಿಸುವುದು ಎಸಿಎ. ಸ್ವಂತ ಕ್ಯಾಲ್ಸಿಯಂ ಸಾಗಣೆ ಕಳೆದುಕೊಂಡ ಯೀಸ್ಟ್‌ಗೆ ಅರಬಿಡಾಪ್ಸಿಸ್‌ನ ಜೀನುಗಳನ್ನು ಸೇರಿಸಿ, ಹೆಚ್ಚು ಕ್ಯಾಲ್ಸಿಯಂ ಇರುವ ಮಾಧ್ಯಮದಲ್ಲಿ ಯಾವುದು ಬದುಕುತ್ತದೆ ಎಂದು ನೋಡಿ 1996ರಲ್ಲಿ ಕ್ಯಾಕ್ಸ್1 ಅನ್ನು ಗುರುತಿಸಿದರು.

ಹತೋಟಿ ಎಂದರೆ ಪಂಪು ಇದ್ದರಷ್ಟೇ ಸಾಲದು, ಯಾವಾಗ ಓಡಬೇಕು ಎಂಬುದು ಅದಕ್ಕೆ ಗೊತ್ತಾಗಬೇಕು. ಎಸಿಎ ಪಂಪಿನ ಒಂದು ತುದಿ ಮಡಚಿಕೊಂಡು ತನ್ನ ಬಾಯಿಗೆ ತಾನೇ ಬಿರಡೆಯಾಗಿರುತ್ತದೆ. ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಮಾಡ್ಯುಲಿನ್ ಎಂಬ ಸಣ್ಣ ಪ್ರೋಟೀನ್ ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದು, ಆಕಾರ ಬದಲಿಸಿ, ಆ ತುದಿಗೆ ಅಂಟಿಕೊಂಡು ಬಿರಡೆ ತೆಗೆಯುತ್ತದೆ. ಪಂಪು ಓಡುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಕ್ಯಾಲ್ಮಾಡ್ಯುಲಿನ್ ಕಳಚಿಕೊಳ್ಳುತ್ತದೆ, ಪಂಪು ತಗ್ಗುತ್ತದೆ. ಕ್ಯಾಕ್ಸ್1ಗೂ ಇಂಥದೇ ತಡೆತುದಿ ಇದೆ. ಇದನ್ನು ನೆನಪಿಡಿ, ಟೊಮೆಟೊ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಈ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ: ರಸದಾನಿಯ ಪೊರೆಯ ಎಸಿಎ 4 ಮತ್ತು 11 ಎರಡನ್ನೂ ಕೆಡಿಸಿದ ಗಿಡಗಳಲ್ಲಿ ಯಾವ ರೋಗಾಣುವೂ ಇಲ್ಲದೆ ಎಲೆಯ ಮೇಲೆ ಸತ್ತ ಚುಕ್ಕೆಗಳು ಬಿದ್ದವು. ರೋಗ ಬಂತೆಂದು ತಪ್ಪಾಗಿ ತಿಳಿದು ಕೋಶಗಳು ತಾವಾಗಿಯೇ ಸತ್ತಿದ್ದವು.

ಸಂಗ್ರಹ ಎಲ್ಲ ಕೋಶಗಳಲ್ಲಿ ಒಂದೇ ಸಮ ಇರುವುದಿಲ್ಲ. ಅರಬಿಡಾಪ್ಸಿಸ್ ಎಲೆಯ ಒಳತಿರುಳಿನ ಕೋಶಗಳ ರಸದಾನಿಯಲ್ಲಿ ಕ್ಯಾಲ್ಸಿಯಂ 60 ಮಿಲಿಮೋಲಾರ್ ದಾಟಿದರೆ ಹೊರಪದರದ ಕೋಶಗಳಲ್ಲಿ 10ಕ್ಕಿಂತ ಕಡಿಮೆ. ಇದಕ್ಕೆ ಅರ್ಥವಿದೆ. ಹೊರಪದರದಲ್ಲಿ ಪತ್ರರಂಧ್ರದ ಕಾವಲು ಕೋಶಗಳಿವೆ, ಅವುಗಳ ಸುತ್ತಲಿನ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಕ್ಯಾಕ್ಸ್ 1 ಮತ್ತು 3 ಎರಡೂ ಇಲ್ಲದ ಗಿಡಗಳಲ್ಲಿ ಆದದ್ದು ಅದೇ: ರಸದಾನಿಗೆ ಸೇರದ ಕ್ಯಾಲ್ಸಿಯಂ ಗೋಡೆಯ ಸಂದಿನಲ್ಲಿ ಉಳಿದು, ರಂಧ್ರಗಳು ಅರೆ ಮುಚ್ಚಿ, ಗೋಡೆಗಳು ಪೆಡಸಾಗಿ, ಗಿಡ ಗಿಡ್ಡವಾಯಿತು.

ರಸದಾನಿಯಲ್ಲೂ ಮಿತಿಮೀರಿದ್ದನ್ನು ಹಲವು ಸಸ್ಯಗಳು ಆಕ್ಸಲೇಟ್ ಎಂಬ ಸಾವಯವ ಆಮ್ಲದ ರೂಪದೊಂದಿಗೆ ಸೇರಿಸಿ ಹರಳು ಕಟ್ಟಿಬಿಡುತ್ತವೆ. ಕೆಲವು ಜಾತಿಗಳಲ್ಲಿ ಗಿಡದ ಒಟ್ಟು ಕ್ಯಾಲ್ಸಿಯಂನ ಶೇ. 90ರವರೆಗೂ ಹರಳಿನ ರೂಪದಲ್ಲೇ ಇರುವುದುಂಟು. ಕೆಸುವಿನ ಎಲೆ, ಸುವರ್ಣಗೆಡ್ಡೆ ಹೆಚ್ಚುವಾಗ ಕೈ ತುರಿಸುವುದು, ಸರಿಯಾಗಿ ಬೇಯದ ಪತ್ರೊಡೆ ತಿಂದರೆ ಗಂಟಲು ಕೆರೆಯುವುದು ಈ ಸೂಜಿಯಂಥ ಹರಳುಗಳಿಂದ. ಸೂಜಿ ಚುಚ್ಚಿದ ಜಾಗಕ್ಕೆ ಅದರೊಂದಿಗಿರುವ ಪ್ರೋಟೀನುಗಳು ಸೇರಿದಾಗ ಉರಿ ಇನ್ನೂ ಹೆಚ್ಚು. ಹರಳಾದ ಕ್ಯಾಲ್ಸಿಯಂ ಎಲೆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಗಿಡದ ಉಪಯೋಗಕ್ಕೆ ಸುಲಭವಾಗಿ ಬರುವುದಿಲ್ಲ.

ಒಳಗೆ ಇಷ್ಟು ಕಡಿಮೆ ಇಟ್ಟುಕೊಂಡದ್ದರಿಂದ ಗಿಡಕ್ಕೆ ಇನ್ನೊಂದು ಲಾಭವಾಯಿತು. ಸ್ವಲ್ಪ ಕ್ಯಾಲ್ಸಿಯಂ ಒಳಬಿಟ್ಟರೂ ಪ್ರಮಾಣ ಹತ್ತು ಪಟ್ಟು ಏರುತ್ತದೆ, ಅದನ್ನೇ ಸುದ್ದಿಯಾಗಿ ಬಳಸಬಹುದು. ಸೋಡಿಯಂ, ಪೊಟ್ಯಾಸಿಯಂಗಳಿಂದ ಇದಾಗದು, ಅವು ಮೊದಲೇ ಹೇರಳ. ಸುದ್ದಿ ಓದುವ ಪ್ರೋಟೀನುಗಳೂ ಬೇಕಾದಷ್ಟಿವೆ: ಕ್ಯಾಲ್ಮಾಡ್ಯುಲಿನ್ ಮತ್ತು ಅದರ ಬಂಧುಗಳು, ತಾವೇ ಕ್ಯಾಲ್ಸಿಯಂ ಹಿಡಿದು ತಾವೇ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಸಿಡಿಪಿಕೆಗಳು 34, ಜೋಡಿಯಾಗಿ ಕೆಲಸ ಮಾಡುವ ಸಿಬಿಎಲ್ 10 ಮತ್ತು ಸಿಐಪಿಕೆ 26. ಚೌಳು ಮಣ್ಣಿನಲ್ಲಿ ಬೇರಿಗೆ ಸೋಡಿಯಂ ನುಗ್ಗಿದಾಗ ಅದನ್ನು ಹೊರಹಾಕುವ ಯಂತ್ರವನ್ನು ಚಾಲೂ ಮಾಡುವುದು ಇಂಥ ಒಂದು ಜೋಡಿಯೇ.

ಕಣ್ಣಿಗೆ ಕಾಣದ ಈ ಏರಿಳಿತವನ್ನು ಅಳೆದದ್ದು ಹೇಗೆ ಎಂದು ಕೇಳುವವರಿಗೆ: ಒಂದು ಜಾತಿಯ ಜೆಲ್ಲಿಮೀನಿನಲ್ಲಿ ಕ್ಯಾಲ್ಸಿಯಂ ತಾಗಿದರೆ ನೀಲಿ ಬೆಳಕು ಕೊಡುವ ಎಕ್ವೋರಿನ್ ಎಂಬ ಪ್ರೋಟೀನ್ ಇದೆ. ಅದನ್ನು 1962ರಲ್ಲಿ ಪ್ರಕಟಿಸಿದವರು ಒಸಾಮು ಶಿಮೊಮುರಾ ಮತ್ತು ಸಂಗಡಿಗರು. 1991ರಲ್ಲಿ ಎಡಿನ್‌ಬರೊದಲ್ಲಿ ಅದರ ಜೀನನ್ನು ತಂಬಾಕಿನ ಗಿಡಕ್ಕೆ ಸೇರಿಸಿದರು. ಸಸಿಯನ್ನು ಮುಟ್ಟಿದರೂ ತಣ್ಣೀರು ಹಾಯಿಸಿದರೂ ಸೆಕೆಂಡುಗಳಲ್ಲಿ ಬೆಳಕು ಮಿನುಗಿತು. ಈ ವಿಧಾನಕ್ಕೆ ಒಂದು ತೊಡಕಿದೆ. ಒಮ್ಮೆ ಬೆಳಗಿದ ಎಕ್ವೋರಿನ್ ಮತ್ತೆ ಬೆಳಗದು. ಆದ್ದರಿಂದ ಪ್ರಯೋಗದ ಕೊನೆಗೆ ಅಂಗಾಂಶವನ್ನು ಆಲ್ಕೊಹಾಲ್ ಮತ್ತು ಗಟ್ಟಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಿಂದ ಒಡೆದು, ಉಳಿದ ಬೆಳಕನ್ನೆಲ್ಲ ಎಣಿಸಿ, ಅದಕ್ಕೆ ಹೋಲಿಸಿ ಸಾಂದ್ರತೆ ಲೆಕ್ಕಹಾಕಬೇಕು. ಈ ಕೊನೆಯ ಹಂತ ಬಿಟ್ಟರೆ ಸಿಗುವ ಅಂಕಿಗೆ ಬೆಲೆಯಿಲ್ಲ. ಈಗ ಹೊಳೆಯುವ ಪ್ರೋಟೀನುಗಳಿಂದ ನೇರ ಚಿತ್ರವನ್ನೇ ತೆಗೆಯುತ್ತಾರೆ. ಹುಳು ಒಂದು ಎಲೆ ಕಡಿದರೆ ಗಾಯದಲ್ಲಿ ಸೋರಿದ ಗ್ಲುಟಮೇಟ್ ಜಿಎಲ್‌ಆರ್ ಚಾನೆಲ್‌ಗಳನ್ನು ತೆರೆದು, ಕ್ಯಾಲ್ಸಿಯಂ ಅಲೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ದೂರದ ಎಲೆಗೆ ತಲುಪುವುದನ್ನು 2018ರಲ್ಲಿ ಹೀಗೇ ತೋರಿಸಿದರು. ದ್ವಿದಳ ಬೆಳೆಗಳ ಬೇರಿಗೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಸಂಕೇತ ಸಿಕ್ಕಾಗ ಕೋಶಕೇಂದ್ರದ ಸುತ್ತ ಕ್ಯಾಲ್ಸಿಯಂ ಒಂದೆರಡು ನಿಮಿಷಕ್ಕೊಮ್ಮೆ ಜಿಗಿಯುತ್ತದೆ. ಆ ತಾಳ ಕೇಳದಿದ್ದರೆ ಬೇರುಗಂಟು ಕಟ್ಟುವುದೇ ಇಲ್ಲ.

ಈಗ ನಿಮ್ಮ ಕಾಯಿಗೆ ಬರೋಣ. ಗಿಡದಲ್ಲಿ ಸಾಗಣೆಯ ಕೊಳವೆ ಎರಡು. ಕ್ಸೈಲಂ ಬೇರಿನಿಂದ ನೀರು ತರುತ್ತದೆ, ಅದರ ನಾಳಗಳು ಸತ್ತ ಕೋಶಗಳ ಟೊಳ್ಳು. ಅಲ್ಲಿ ಕ್ಯಾಲ್ಸಿಯಂ ಸರಾಗವಾಗಿ ಹರಿಯುತ್ತದೆ. ಫ್ಲೋಯಂ ಎಲೆಯಿಂದ ಸಕ್ಕರೆ ತರುತ್ತದೆ, ಅದರದು ಜೀವಂತ ಕೋಶಗಳ ಸಾಲು. ಜೀವಂತ ಕೋಶವೆಂದ ಮೇಲೆ ಮೇಲೆ ಹೇಳಿದ ನಿಯಮವೇ: ಫಾಸ್ಫೇಟ್ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಎಲೆಗೆ ಬಂದ ಕ್ಯಾಲ್ಸಿಯಂ ಫ್ಲೋಯಂ ಹತ್ತಿ ಮತ್ತೆ ಹೊರಡಲಾರದು. ಹಳೆಯ ಎಲೆಯಲ್ಲಿ ರಾಶಿ ಬೀಳುತ್ತದೆ, ಹೊಸ ಚಿಗುರು ಹಸಿದಿರುತ್ತದೆ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ನಿಮ್ಮ ಕಾಯಿಗೆ ಏಕೆ ತಲುಪಲಿಲ್ಲ ಎಂಬುದಕ್ಕೆ ಉತ್ತರ ಇದೇ. ಸಿಂಪಡಣೆ ಎಲೆಯನ್ನು ಸೇರಿತು, ಅಲ್ಲೇ ಉಳಿಯಿತು.

ಟೊಮೆಟೊ ಎಲೆಯ ಒಣತೂಕದಲ್ಲಿ ಕ್ಯಾಲ್ಸಿಯಂ ಶೇ. 2ರಿಂದ 4ರವರೆಗೆ ಇರಬಹುದು, ಕಾಯಿಯಲ್ಲಿ ಶೇ. 0.1ರಿಂದ 0.2 ಮಾತ್ರ. ಕಾಯಿಯ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇಲ್ಲ, ನೀರು ಆವಿಯಾಗುವುದು ಕಡಿಮೆ, ಹೀಗಾಗಿ ಕ್ಸೈಲಂ ರಸವನ್ನು ಎಳೆದುಕೊಳ್ಳುವ ಶಕ್ತಿಯೂ ಕಡಿಮೆ. ಕಾಯಿ ದಪ್ಪವಾಗುವುದು ಹೆಚ್ಚಾಗಿ ಫ್ಲೋಯಂ ರಸದಿಂದ. ಜೊತೆಗೆ ಕಾಯಿಯ ಒಳಗೆ ತೊಟ್ಟಿನಿಂದ ತುದಿಗೆ ಹೋದಂತೆ ಕ್ಸೈಲಂ ನಾಳಗಳು ವಿರಳ. ಹೂವಿನ ಎರಡು ಮೂರು ವಾರದ ನಂತರ ಕೋಶಗಳು ವೇಗವಾಗಿ ಉಬ್ಬುವ ಕಾಲದಲ್ಲಿ ತುದಿಗೆ ಕ್ಯಾಲ್ಸಿಯಂ ಬೇಡಿಕೆ ಹೆಚ್ಚು, ಸರಬರಾಜು ಅತಿ ಕಡಿಮೆ. ಕೊಳೆ ಯಾವಾಗಲೂ ತುದಿಯಲ್ಲೇ, ಅದೂ ನಿಂಬೆಹಣ್ಣಿನ ಗಾತ್ರದಲ್ಲೇ ಕಾಣಿಸಿಕೊಳ್ಳುವುದು ಅದಕ್ಕೇ.

ನೆಲಗಡಲೆ ಇದೇ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿಕೊಂಡಿದೆ. ನೆಲದೊಳಗಿನ ಕಾಯಿಯಿಂದ ನೀರು ಆವಿಯಾಗುವುದಿಲ್ಲ, ಬೇರಿನ ಕ್ಯಾಲ್ಸಿಯಂ ಅಲ್ಲಿಗೆ ಬರದು, ಆದ್ದರಿಂದ ಕಾಯಿ ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂ ಬಿಟ್ಟು ಸೂಜಿ (ಮುಂದೆ ಕಾಯಾಗುವ ಎಳೆ) ಮಣ್ಣಿಗೆ ಇಳಿಯುವ ಹೊತ್ತಿಗೆ ಹೆಕ್ಟೇರಿಗೆ 400–500 ಕೆ.ಜಿ. ಜಿಪ್ಸಂ ಅನ್ನು ಗಿಡದ ಬುಡಕ್ಕೇ ಹಾಕಿ ಎನ್ನುವುದು ಇದರಿಂದಲೇ. ಸಾಲಿನ ನಡುವೆ ಎರಚಿದರೆ ಜೊಳ್ಳು ಕಾಯಿ ತಪ್ಪುವುದಿಲ್ಲ. ರಾಗಿ ಮಾತ್ರ ಈ ಲೆಕ್ಕಕ್ಕೆ ಸುಲಭವಾಗಿ ಸಿಗದ ಬೆಳೆ. 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು ಇದ್ದರೆ ರಾಗಿಯಲ್ಲಿ 340–360. ಅದರ ತೆನೆ ಇಷ್ಟನ್ನು ಕಾಳಿಗೆ ತುಂಬುವ ರೀತಿ ಪ್ರತ್ಯೇಕ ಲೇಖನಕ್ಕೆ ಆಗುವಷ್ಟು ವಿಷಯ.

ತುದಿಯ ಕೋಶ ಕ್ಯಾಲ್ಸಿಯಂ ಇಲ್ಲದೆ ಸಾಯುವುದು ಹೇಗೆ? ಗೋಡೆಯ ಸಂದಿನಲ್ಲಿರುವ ಕ್ಯಾಲ್ಸಿಯಂಗೆ ಎರಡು ಕೆಲಸ. ಪೆಕ್ಟಿನ್ ಎಂಬ ಗೋಡೆಯ ಅಂಟುಪದಾರ್ಥದ ಎಳೆಗಳನ್ನು ಒಂದಕ್ಕೊಂದು ಬಿಗಿದು ಗೋಡೆಗೆ ಗಟ್ಟಿತನ ಕೊಡುವುದು ಒಂದು, ಕೋಶಪೊರೆಯ ಫಾಸ್ಫೇಟ್ ತಲೆಗಳನ್ನು ಹಿಡಿದಿಟ್ಟು ಪೊರೆ ಸೋರದಂತೆ ಮಾಡುವುದು ಇನ್ನೊಂದು. ಸಂದಿನ ಕ್ಯಾಲ್ಸಿಯಂ ಒಂದು ಮಟ್ಟಕ್ಕಿಂತ ಇಳಿದರೆ ಪೊರೆ ಸೋರುತ್ತದೆ, ಪೊಟ್ಯಾಸಿಯಂ, ಸಕ್ಕರೆ, ನೀರು ಹೊರಬರುತ್ತವೆ. ಮೊದಲಿಗೆ ನೀರು ಹೀರಿದಂಥ ಮಚ್ಚೆ, ಆಮೇಲೆ ಕಂದು, ಕೊನೆಗೆ ಚರ್ಮದಂಥ ಕಪ್ಪು. ಕಪ್ಪಿನ ಮೇಲೆ ಬೂಸ್ಟು ಬರುವುದು ಅನಂತರದ ಮಾತು. ಶಿಲೀಂಧ್ರನಾಶಕ ಹೊಡೆದು ಇದು ನಿಲ್ಲದಿರುವುದು ಆ ಕಾರಣಕ್ಕೆ.

ಕ್ಯಾಕ್ಸ್1ರ ತಡೆತುದಿ ಇಲ್ಲಿ ನೆನಪಿಗೆ ಬರಬೇಕು. ಆ ತುದಿಯನ್ನು ಕತ್ತರಿಸಿ ಸದಾ ಓಡುವಂತೆ ಮಾಡಿದ ಕ್ಯಾಕ್ಸ್ ಅನ್ನು ಟೊಮೆಟೊಗೆ ಸೇರಿಸಿದರು. ಹಣ್ಣಿನ ಕ್ಯಾಲ್ಸಿಯಂ ಹೆಚ್ಚಿಸುವುದು ಉದ್ದೇಶ, ಅದು ಹೆಚ್ಚಾಯಿತು ಕೂಡ. ಆದರೆ ತುದಿ ಕೊಳೆ ತಗ್ಗುವ ಬದಲು ವಿಪರೀತ ಹೆಚ್ಚಿತು. 2011ರಲ್ಲಿ ಪ್ರಕಟವಾದ ಅಧ್ಯಯನ ಕಾರಣ ತೋರಿಸಿತು: ಬಂದ ಕ್ಯಾಲ್ಸಿಯಂ ಅನ್ನೆಲ್ಲ ರಸದಾನಿಗೆ ತುಂಬಿದ್ದರಿಂದ ಗೋಡೆಯ ಸಂದಿನಲ್ಲಿ ಉಳಿದದ್ದು ಕಡಿಮೆ, ಪೊರೆಗಳು ಸೋರಿದವು. ಸಂಬಳ ಬಂದದ್ದನ್ನೆಲ್ಲ ಎಫ್‌ಡಿಗೆ ಹಾಕಿದವನ ಕೈಯಲ್ಲಿ ತಿಂಗಳ ಕೊನೆಗೆ ತರಕಾರಿಗೂ ಕಾಸಿರುವುದಿಲ್ಲವಲ್ಲ, ಹಾಗೆ. ಇದೇ ಜೀನನ್ನು ಸೇರಿಸಿದ ಕ್ಯಾರೆಟ್ ಮಾತ್ರ ಚೆನ್ನಾಗಿಯೇ ಬೆಳೆಯಿತು, ಅದನ್ನು ತಿಂದವರ ದೇಹಕ್ಕೆ 100 ಗ್ರಾಂಗೆ ಶೇ. 41ರಷ್ಟು ಹೆಚ್ಚು ಕ್ಯಾಲ್ಸಿಯಂ ಸೇರಿತು ಎಂದು 2008ರ ಅಧ್ಯಯನ ಹೇಳುತ್ತದೆ. ಕೊರತೆಯೇ ಮೂಲ ಕಾರಣವೋ, ಬಿಸಿಲು, ನೀರಿನ ಏರುಪೇರಿನ ಒತ್ತಡ ಮೊದಲು ಪೊರೆಯನ್ನು ಕೆಡಿಸಿ ಕೊರತೆ ಅದರ ಬೆನ್ನಿಗೆ ಬರುತ್ತದೋ ಎಂಬ ತಕರಾರು ತಜ್ಞರಲ್ಲಿ ಇನ್ನೂ ಇದೆ. ಬೇಸಾಯದ ದೃಷ್ಟಿಯಿಂದ ಎರಡಕ್ಕೂ ಮದ್ದು ಬಹುತೇಕ ಒಂದೇ.

ಮೊದಲ ಮದ್ದು ನೀರು. ಬೇರು ಕ್ಯಾಲ್ಸಿಯಂ ಹೀರುವುದು ಹೆಚ್ಚಾಗಿ ಎಳೆಯ ತುದಿಗಳಿಂದ. ಹಿಂದಿನ ಭಾಗದಲ್ಲಿ ಕ್ಯಾಸ್ಪೇರಿಯನ್ ಪಟ್ಟಿ, ಸುಬೆರಿನ್ ಪದರ ಎಂಬ ನೀರು ನುಸುಳದ ತಡೆಗಳು ಬಲಿತು ದಾರಿ ಮುಚ್ಚಿರುತ್ತದೆ. ಮಣ್ಣು ಎರಡು ದಿನ ಒಣಗಿ ಮೂರನೇ ದಿನ ಕೆಸರಾದರೆ ಮೊದಲು ಕೆಡುವುದು ಆ ತುದಿಗಳೇ. ಹೂ ಬಿಡಲು ಶುರುವಾದಾಗಿನಿಂದ ಡ್ರಿಪ್‌ನಲ್ಲಿ ದಿನವೂ ಸ್ವಲ್ಪಸ್ವಲ್ಪ ಕೊಡಿ. ಮರಳು ಮಿಶ್ರಿತ ಕೆಂಪು ಮಣ್ಣಾದರೆ ಅದನ್ನು ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಲು ಮಾಡಿ. ಮಲ್ಚಿಂಗ್ ಶೀಟು ಅಥವಾ ಹುಲ್ಲಿನ ಹೊದಿಕೆ ಇದ್ದರೆ ಏರಿಳಿತ ತಗ್ಗುತ್ತದೆ. ಸಂಜೆ ಮಣ್ಣು ತೀರಾ ಒಣಗಿರದಂತೆ ನೋಡಿಕೊಳ್ಳಿ. ರಾತ್ರಿ ಎಲೆಗಳ ಎಳೆತ ನಿಂತಾಗ ಬೇರಿನ ಒತ್ತಡದಿಂದ ರಸ ಮೇಲೇರುತ್ತದೆ, ಕಾಯಿಗೆ ಕ್ಸೈಲಂ ಪಾಲು ಸಿಗುವ ಸಮಯ ಅದು. ಬೆಳಿಗ್ಗೆ ಎಲೆಯಂಚಿನಲ್ಲಿ ನೀರ ಹನಿ ಕಂಡರೆ ಬೇರಿನ ಒತ್ತಡ ಚೆನ್ನಾಗಿದೆ ಎಂದರ್ಥ. ಹಾಗೆಂದು ಪಾಲಿಹೌಸ್‌ನಲ್ಲಿ ರಾತ್ರಿಯಿಡೀ ತೇವ ಹೆಚ್ಚಿಸಲು ಹೋಗಬೇಡಿ, ಅಂಗಮಾರಿ ಬಂದರೆ ಇದಕ್ಕಿಂತ ದೊಡ್ಡ ನಷ್ಟ.

ಎರಡನೆಯದು ಗೊಬ್ಬರದ ಜೋಡಿ. ಅಮೋನಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಹೆಚ್ಚಾದರೆ ಬೇರಿನಲ್ಲಿ ಕ್ಯಾಲ್ಸಿಯಂ ಹಿಂದೆ ಬೀಳುತ್ತದೆ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗಿಯೇ ನೈಟ್ರೇಟ್ ಆಗುವುದು. ಕಾಯಿ ಕಟ್ಟುವ ವಾರಗಳಲ್ಲಿ ಯೂರಿಯಾ, ಅಮೋನಿಯಂ ಸಲ್ಫೇಟ್ ಕಡಿಮೆ ಮಾಡಿ, ಆ ಸಾರಜನಕದ ಒಂದು ಭಾಗವನ್ನು ಕ್ಯಾಲ್ಸಿಯಂ ನೈಟ್ರೇಟ್‌ನಿಂದ ಕೊಡಿ. ಅದರಲ್ಲಿ ಸಾರಜನಕ ಶೇ. 15.5, ಕ್ಯಾಲ್ಸಿಯಂ ಸುಮಾರು ಶೇ. 19. ಎಕರೆಗೆ 5 ಕೆ.ಜಿ. ಕೊಟ್ಟರೆ ಸಿಗುವ ಕ್ಯಾಲ್ಸಿಯಂ ಒಂದು ಕೆ.ಜಿ.ಗೂ ಸ್ವಲ್ಪ ಕಡಿಮೆ. ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರದೊಂದಿಗೆ ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ, ಬೇರೆ ದಿನ ಬಿಡಿ. ಬೋರ್‌ವೆಲ್ ನೀರಿನ ಇಸಿ (ಕರಗಿದ ಉಪ್ಪಿನಂಶ ತೋರಿಸುವ ಅಳತೆ) ಹೆಚ್ಚಿದ್ದರೆ ಗೊಬ್ಬರವನ್ನು ಇನ್ನೂ ತೆಳುವಾಗಿ, ಇನ್ನೂ ಹೆಚ್ಚು ಕಂತುಗಳಲ್ಲಿ ಕೊಡಬೇಕು. ಉಪ್ಪು ಹೆಚ್ಚಾದಷ್ಟೂ ಬೇರು ನೀರೆಳೆಯುವುದು ಕಡಿಮೆ, ನೀರಿನೊಂದಿಗೆ ಬರಬೇಕಾದ ಕ್ಯಾಲ್ಸಿಯಂ ಕೂಡ.

ಜಿಪ್ಸಂ ನಿಮಗೆ ಫಲ ಕೊಡದಿದ್ದುದು ಸಹಜ. ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವಲ್ಲಿ, ಸೋಡಿಯಂ ಹೆಚ್ಚಿರುವ ಕರಲು ಮಣ್ಣಿನಲ್ಲಿ ಅದು ಒಳ್ಳೆಯ ಮದ್ದು. ನಿಮ್ಮ ವರದಿಯಂಥ ಮಣ್ಣಿನಲ್ಲಿ ದುಡ್ಡು ದಂಡ.

ಸಿಂಪಡಿಸುವುದಾದರೆ ಕಾಯಿಗೇ ಸಿಂಪಡಿಸಿ, ಗೋಲಿ ಗಾತ್ರದಲ್ಲಿರುವಾಗಲೇ. ಕ್ಯಾಲ್ಸಿಯಂ ಕ್ಲೋರೈಡ್ ಲೀಟರಿಗೆ 5 ಗ್ರಾಂ, ಅಂದರೆ ಶೇ. 0.5ರ ದ್ರಾವಣ, ವಾರದಿಂದ ಹತ್ತು ದಿನಕ್ಕೊಮ್ಮೆ ಮೂರು ನಾಲ್ಕು ಬಾರಿ, ಸಂಜೆ ಹೊತ್ತು. ಗೊಂಚಲಿನ ಕೆಳಗಿನಿಂದ ನಳಿಕೆ ಹಿಡಿದು ತುದಿ ನೆನೆಯುವಂತೆ ಹೊಡೆಯಬೇಕು. ಪ್ರಮಾಣ ಹೆಚ್ಚಿಸಿದರೆ ಅಥವಾ ಸುಡುಬಿಸಿಲಲ್ಲಿ ಹೊಡೆದರೆ ಎಲೆಯಂಚು ಸುಡುತ್ತದೆ. ಕಾಯಿ ದೊಡ್ಡದಾದಂತೆ ಮೇಣದ ಪದರ ದಪ್ಪವಾಗಿ ಹೀರುವುದು ತೀರಾ ಕಡಿಮೆಯಾಗುತ್ತದೆ, ಆಮೇಲೆ ಹೊಡೆದದ್ದು ವ್ಯರ್ಥ. ಕಪ್ಪಾದ ಕಾಯಿ ಮತ್ತೆ ಸರಿಯಾಗದು, ಅದನ್ನು ಕಿತ್ತು ತೆಗೆದರೆ ಅದೇ ಗೊಂಚಲಿನ ಉಳಿದವಕ್ಕೆ ಪಾಲು ಸಿಗುತ್ತದೆ. ಇದು ಅಂಟುರೋಗವಲ್ಲ, ಪಕ್ಕದ ಗಿಡಕ್ಕೆ ಹರಡುವ ಭಯ ಬೇಡ.

ಮುಂದಿನ ಬಾರಿ ಪರೀಕ್ಷೆ ಮಾಡಿಸುವುದಾದರೆ ಎಲೆಯ ಜೊತೆಗೆ ಹೂವಾಗಿ ಸುಮಾರು ಎರಡು ವಾರದ, ಇನ್ನೂ ಮಚ್ಚೆ ಬೀಳದ ಕಾಯಿಗಳನ್ನು ಕೊಂಡೊಯ್ಯಿರಿ. ಪ್ರತಿ ಕಾಯಿಯನ್ನು ಅಡ್ಡಲಾಗಿ ಕೊಯ್ದು ತೊಟ್ಟಿನ ಅರ್ಧ, ತುದಿಯ ಅರ್ಧ ಬೇರೆಬೇರೆ ಪೊಟ್ಟಣ ಮಾಡಿ, ಎರಡರಲ್ಲೂ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಅಳೆಯಲು ಹೇಳಿ. ತುದಿಯರ್ಧದಲ್ಲಿ ಕ್ಯಾಲ್ಸಿಯಂ ತೊಟ್ಟಿನರ್ಧಕ್ಕಿಂತ ಬಹಳ ಕಡಿಮೆ ಬಂದರೆ ದೋಷ ಕಾಯಿಗೆ ನೀರು ಸೇರುವುದರಲ್ಲಿದೆ ಎಂದು ಹಿಡಿಯಿರಿ. ಎರಡೂ ಅರ್ಧಗಳಲ್ಲಿ ಕ್ಯಾಲ್ಸಿಯಂ ತಗ್ಗಿ ಪೊಟ್ಯಾಸಿಯಂ ವಿಪರೀತ ಏರಿದ್ದರೆ ಮೊದಲು ಗೊಬ್ಬರದ ಪಟ್ಟಿಯನ್ನು ತಿದ್ದಿ.